ಮೂರು ಗಂಟೆಯ ಬ್ಯಾಟರಿ

ಈಗೀಗ ಮೂರು ಗಂಟೆಗೆ ಎಚ್ಚರ.
ಕಿವಿಯ ಹಿಂದಿನಿಂದ ಬಿಸಿ ಏಳುತ್ತದೆ,
ಯಾರೋ ಒಳಗೆ ಒಲೆ ಹಚ್ಚಿ
ಮರೆತು ಹೋದ ಹಾಗೆ.
ಫ್ಯಾನು ಐದರಲ್ಲಿದೆ. ಗಂಡ ಕಂಬಳಿ ಹೊದ್ದಿದ್ದಾನೆ.
ಡಾಕ್ಟರಮ್ಮ ಅಂದಳು, ಎರಡು ವರ್ಷ,
ಹೆಚ್ಚೆಂದರೆ ಐದು.
ರವಿವಾರದ ಸಂತೆಯಲ್ಲಿ ಗಿಡ ಮಾರುವವನ ಲೆಕ್ಕವೂ ಇದೇ ಥರ:
ಕಸಿಯದಾದರೆ ಮೂರು ಅಕ್ಕಾ, ಬೀಜದ್ದಾದರೆ ಎಂಟು.
ಮೊದಲೆಲ್ಲ ದರ ಕೇಳುತ್ತಿದ್ದೆ.
ಈ ವರ್ಷ ಎಂಟನ್ನು ಐವತ್ತೆರಡಕ್ಕೆ ಕೂಡಿಸಿ
ಕಸಿಯದನ್ನೇ ತಂದೆ.

ಹಿತ್ತಿಲ ಬಾಗಿಲು ತೆಗೆದರೆ ಕಾಜುಬಾಗದ ಗಾಳಿ.
ಮಳೆ ಅರ್ಧ ಗಂಟೆಯ ಹಿಂದಷ್ಟೇ ಬಿಟ್ಟಿದೆ.
ಬೈತಖೋಲದಲ್ಲಿ ಬೋಟುಗಳೆಲ್ಲ
ಒಂದಕ್ಕೊಂದು ಆತು ನಿಂತಿರಬೇಕು, ಆಗಸ್ಟಿನವರೆಗೂ ಕೆಲಸವಿಲ್ಲ.

ನನ್ನ ತೋಟವೆಂದರೆ ಮನೆಗೂ ಪಾಗಾರಕ್ಕೂ ನಡುವಿನ ಆರಡಿ.
ಖಜಾನೆ ಕಚೇರಿಯಿಂದ ಬಂದು, ಸೆರಗು ಸಿಕ್ಕಿಸಿ,
ಹದಿನೇಳು ವರ್ಷ ಅಗೆದ ಆರಡಿ.
ಒಂದು ಬದಿಗೆ ಬೆಂಡೆ. ಉಳಿದದ್ದೆಲ್ಲ
ಶಿರಸಿಯಿಂದ ಗಡ್ಡೆ ತಂದು ನೆಟ್ಟ ಡೇರೆ.
ಈಗ ಹೇನು ಕಾಣಲು ಕನ್ನಡಕ ಬೇಕು,
ಬಗ್ಗಿದರೆ ಕನ್ನಡಕವೇ ಜಾರಿ ಗೊಬ್ಬರಕ್ಕೆ.
ಒಮ್ಮೆ ಕೂತರೆ ಕೈಗೆಟಕುವ ಕಳೆಯೆಲ್ಲ ಕಿತ್ತೇ ಏಳುವುದು,
ಎರಡನೇ ಸಲ ಕೂರುವ ಮಾತಿಲ್ಲ.

ವಯಸ್ಸಾಯಿತು ಅಂತಲ್ಲ.
ವಯಸ್ಸಾದವರು ಒಂದು ತುಳಸಿ ಇಟ್ಟುಕೊಂಡು ಸುಮ್ಮನಾಗುತ್ತಾರೆ.
ನನಗಿನ್ನೂ
ಪಕ್ಕದ ಮನೆಯ ಡೇರೆ ನನ್ನದಕ್ಕಿಂತ ಒಂದು ಬೆರಳು ಅಗಲವಾದರೆ
ಊಟ ಸೇರುವುದಿಲ್ಲ.

ಬ್ಯಾಟರಿ ಬಿಟ್ಟೆ.
ಮುಷ್ಟಿ ಗಾತ್ರದ ಬಸವನಹುಳಗಳು,
ಸ್ವಂತ ಮನೆ ಹೊತ್ತು ಬಂದು
ನನ್ನ ಮೊಗ್ಗಿಗೆ ಬಾಯಿ ಹಾಕುವವು.
ಕಿತ್ತು ಉಪ್ಪುನೀರಿನ ಡಬ್ಬಿಗೆ.
ಬೆವರು ಎಲ್ಲಿ ಆರಿತೋ ಗೊತ್ತಾಗಲಿಲ್ಲ.

ಪಾಗಾರದಾಚೆ ಇನ್ನೊಂದು ಬೆಳಕು.
ಉಲ್ಲಾಸ ಪೆಡ್ನೇಕರ, ಬಂದರು ಇಲಾಖೆ, ನಿವೃತ್ತಿಗೆ ಏಳು ತಿಂಗಳು.
ಹಗಲು ಮೀಸೆಗೆ ಕಪ್ಪು ಬಳಿದು
ಬೈಕಿನ ಮೇಲೆ ಬೆನ್ನು ಸೆಟೆಸಿ ಹೋಗುವವರು
ಈಗ ಬನಿಯನ್ನು, ಲುಂಗಿ,
ತಲೆಗೆ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲ.

‘ನಿಮಗೂ ನಿದ್ದೆ ಇಲ್ವಾ?’
‘ರಾತ್ರಿ ಮೂರು ಸಲ ಏಳ್ಬೇಕಲ್ಲ ಬಾಯಿ...’
ಅಂದವರು, ತಡೆದು,
‘ಈ ಹುಳದ ಸಲುವಾಗಿ’ ಅಂದರು.
‘ನಾನೂ ಹುಳದ ಸಲುವಾಗಿಯೇ.’
‘ಎಷ್ಟು ಸಿಕ್ಕವು?’
‘ಹದಿನಾಲ್ಕು.’
ಡಬ್ಬಿಯಲ್ಲಿದ್ದದ್ದು ಒಂಬತ್ತು.
ಅವರು ತಮ್ಮ ಬಕೆಟ್ಟಿನೊಳಗೆ ನೋಡಿ,
ಸ್ವಲ್ಪ ಹೊತ್ತು ಬಿಟ್ಟು, ‘ಹದಿನಾರು’ ಅಂದರು.

ಆಗ ಕಂಡದ್ದು ಅದು.
ಪಾಗಾರದ ನೆತ್ತಿಯ ಮೇಲೆ, ಪಾಚಿಯ ನಡುವೆ,
ಎರಡೂ ಬ್ಯಾಟರಿಗಳ ಬೆಳಕಿನಲ್ಲಿ,
ಕೊಂಬು ಚಾಚಿ ನಿಂತಿತ್ತು.
ಹತ್ತಿ ಬಂದ ಗೆರೆ ಮಳೆಯಲ್ಲಿ ತೊಳೆದುಹೋಗಿ
ಯಾರ ಕಡೆಯಿಂದ ಬಂತೆಂದು ಹೇಳುವಂತಿಲ್ಲ.
ನನ್ನ ಡೇರೆ ಇತ್ತ, ಅವರದು ಅತ್ತ.
ಅದಕ್ಕೆ ಅವಸರವಿಲ್ಲ.

‘ಇಳಿಯಲಿ’ ಅಂದರು ಪೆಡ್ನೇಕರರು,
‘ಯಾರ ಕಡೆ ಇಳಿಯುತ್ತದೋ ಅವರದು.’
ಆಯಿತು ಅಂದೆ.
ಮೊಣಕೈ ಊರಿ ಇಬ್ಬರೂ ನಿಂತೆವು.