ಸಾಸಿವೆ ಮದ್ದು

ಕಾರ್ತೀಕದ ಅಕಾಲ ಮಳೆಗೆ ಗದ್ದೆಯೆಲ್ಲ ಕೆಸರು.
ಭತ್ತ ಕೊಯ್ಯುವ ಮಷಿನ್ನು ಮೂರು ದಿನದಿಂದ
ಕೊಕ್ಕನೂರಿನ ನಮ್ಮ ಹೈಸ್ಕೂಲು ಬಯಲಲ್ಲೇ ನಿಂತಿದೆ,
ಕಟ್ಟುಹಲ್ಲು ತೆಗೆದಿಟ್ಟ ಅಜ್ಜನ ಹಾಗೆ.
ಅದರ ಯಜಮಾನ ಬಲಕಾರ್ ಸಿಂಗ್, ಫಿರೋಜ್‌ಪುರದ ಕಡೆಯವನು,
ಒದ್ದೆ ಪೇಟ ಒಣಹಾಕಿದ್ದಾನೆ
ವಾಲಿಬಾಲ್ ಕಂಬದಿಂದ ಕಂಬಕ್ಕೆ, ಐದು ಮೀಟರು ನೀಲಿ.
ಹುಡುಗರು ಅದರಡಿ ನುಸುಳಿ ಓಡುತ್ತಾರೆ.

ಒಳಗೆ ಇತಿಹಾಸದ ಪಿರಿಯಡ್ಡು. ಒಂದೇ ಪ್ಯಾರಾ.
ಲಾಹೋರಿನ ರಾಜ್ಯ ಏರುವುದಕ್ಕೆ ಮೂರು ಸಾಲು,
ಇಳಿಯುವುದಕ್ಕೆ ಎರಡು.
ಒಕ್ಕಣ್ಣಿನ ಮಹಾರಾಜ ತೀರಿಕೊಂಡ,
ಒಬ್ಬರ ಹಿಂದೊಬ್ಬರು ವಾರಸುದಾರರು ಸತ್ತರು,
ಕಂಪನಿ ಸಟ್ಲೆಜ್ ದಾಟಿತು.
ಬೋರ್ಡಿನ ಮೇಲೆ ಬರೆದೆ: ಸೋಬ್ರಾಂವ್, ೧೮೪೬.
ಎರಡು ಸಲ ಗಟ್ಟಿಯಾಗಿ ಹೇಳಿದೆ, ಬರೆದುಕೊಳ್ಳಲಿ ಅಂತ.

ಕಿಟಕಿಯಾಚೆ ಗ್ರೀಸು ಹಚ್ಚುತ್ತಿದ್ದ ಕೈ ನಿಂತಿತು.

ಅವನಿಗೆ ಬರುವ ಕನ್ನಡ ಇಷ್ಟೇ:
ಎಕರೆ, ಗಂಟೆ, ಡೀಸೆಲ್ಲು, ‘ಬದು ನೋಡ್ರೀ.’
ಬಾಗಿಲಲ್ಲಿ ಚಪ್ಪಲಿ ಬಿಟ್ಟು ಹಿಂದಿಯಲ್ಲಿ ಕೇಳಿದ:
‘ಮೇಷ್ಟ್ರೇ, ನಮ್ಮೂರ ಪಕ್ಕದೂರಿನ ಹೆಸರು ಹೇಳಿದಿರಾ?’

ನನ್ನ ಹರಕು ಹಿಂದಿ, ಅವನ ಬಿರುಸು ಹಿಂದಿ,
ನಡುವೆ ನಲವತ್ತೆರಡು ಮಕ್ಕಳು.

ಅವನ ಅಜ್ಜಿ ಹೇಳುತ್ತಿದ್ದಳಂತೆ:
ತೋಪು ನಮ್ಮವೇ ದೊಡ್ಡವು, ಗೋಲಂದಾಜರು ನಮ್ಮವರೇ ಗಟ್ಟಿಗರು.
ಪೀಪಾಯಿಯ ಮುಚ್ಚಳ ತೆಗೆದರೆ
ಮದ್ದಿನ ಬದಲು ಸಾಸಿವೆ.
ಮಾರಿಕೊಂಡಿದ್ದವರು ನಮ್ಮ ಸರದಾರರೇ.
ಹಿಂದೆ ಸರಿಯೋಣವೆಂದರೆ ದೋಣಿಯ ಸೇತುವೆ ಮುರಿದಿತ್ತು,
ಹೊಳೆ ಏರಿತ್ತು.
‘ನಿಜವೋ ಸುಳ್ಳೋ. ಅಜ್ಜಿ ಒಗ್ಗರಣೆ ಹಾಕುವಾಗೆಲ್ಲ
ಬಾಣಲೆಗೆ ಬೈಯುತ್ತಿದ್ದಳು:
ಈಗ ಸಿಡಿ, ಮುಂಡೇದೇ, ಈಗ ಸಿಡಿ!’

ಆಮೇಲೆ ಮೂರು ವರ್ಷಕ್ಕೆ
ಹತ್ತು ವರ್ಷದ ರಾಜನಿಂದ ರಾಜ್ಯ ಬರೆಸಿಕೊಂಡರು, ಅಂದೆ.
ಮೊದಲ ಬೆಂಚಿನ ಹಾಲಮ್ಮ ಎದ್ದು ನಿಂತಳು:
‘ಅವನಿಗೆ ರುಜು ಹಾಕಾಕ್ ಬರ್ತಿತ್ತಾ ಸಾ?’
ಇದನ್ನು ಹಿಂದಿಗೆ ತಿರುಗಿಸಿದೆ.
ಬಲಕಾರ್ ನಗಲಿಲ್ಲ.

ಅವನ ವಂಶದಲ್ಲಿ ಒಬ್ಬ ಕತ್ತಿ ನೆಲಕ್ಕಿಟ್ಟು ಊರಿಗೆ ನಡೆದ.
ಅವನ ಮಗ ಗೆದ್ದವರ ಪಲ್ಟನ್ನು ಸೇರಿದ,
ಗೆದ್ದವರಿಗಾಗಿ ಇನ್ನಾರನ್ನೋ ಸೋಲಿಸಲು ಹಡಗು ಹತ್ತಿದ.
ಮೊಮ್ಮಗ ಅವರು ತೋಡಿಸಿದ ನಾಲೆಯ ನೀರಿಗೆ ಕಂದಾಯ ಕಟ್ಟಿದ.
‘ನಾನು ನಿಮ್ಮ ಭದ್ರಾ ನಾಲೆಯ ಭತ್ತ ಕೊಯ್ಯುತ್ತೇನೆ,
ಗಂಟೆ ಲೆಕ್ಕ.’ ಈಗ ನಕ್ಕ.

ನನಗೂ ಒಂದು ಕೋಟೆ ನೆನಪಾಯಿತು.
ಹೆದ್ದಾರಿ ಹಿಡಿದರೆ ದುರ್ಗ ಎಷ್ಟು ಹೊತ್ತು?
ಅಲ್ಲಿ ಹೊಂಡದಲ್ಲಿ ಮದ್ದು ಬೀಸುವ ಕಲ್ಲುಗಳಿವೆ,
ಟೂರು ಹೋದ ಮಕ್ಕಳು ಒರಗಿ ನಿಂತು ಚಿತ್ರಾನ್ನ ತಿನ್ನುತ್ತಾರೆ.
ಹೇಳಲಿಲ್ಲ. ಸರದಿ ಅವನದಾಗಿತ್ತು.

ಅಷ್ಟರಲ್ಲಿ ಅಡಿಗೆ ಕೋಣೆಯಲ್ಲಿ ಕರಿಬಸಮ್ಮ
ಕಾದ ಎಣ್ಣೆಗೆ ಒಂದು ಹಿಡಿ ಎಸೆದಳು.
ಚಟಪಟ, ಚಟಪಟ.
ಇಡೀ ಕ್ಲಾಸು ಉಸಿರು ಹಿಡಿಯಿತು.
ಹಾಲಮ್ಮ ಮೆಲ್ಲಗೆ ‘ಢಂ’ ಅಂದಳು.

ಹೊಳವಾಯಿತು. ಮಷಿನ್ನು ಹೊರಟುಹೋಯಿತು.
ಕಿರುಪರೀಕ್ಷೆಯಲ್ಲಿ ಕೇಳಿದೆ:
ಸಿಖ್ಖರ ಸೋಲಿಗೆ ಕಾರಣಗಳೇನು? ನಾಲ್ಕು ಅಂಕ.
ಮೂವತ್ತೊಂದು ಪೇಪರಿನಲ್ಲಿ ಸಾಸಿವೆ ಇದೆ.
ಪಠ್ಯದಲ್ಲಿ ಇಲ್ಲ.
ಕೆಂಪು ಪೆನ್ನಿನ ಕ್ಯಾಪು ತೆಗೆದು ಕೂತಿದ್ದೇನೆ.
ಹೊರಗೆ ಬಯಲಲ್ಲಿ, ಆ ದಪ್ಪ ಚಕ್ರದ ಗುರುತಿನಲ್ಲಿ
ನೀರು ನಿಂತಿದೆ;
ಯಾರ ಗದ್ದೆಯದೋ, ಉದುರಿದ ಭತ್ತ ಮೊಳೆತಿದೆ.