ಎರಡೂ ನಲವತ್ತಕ್ಕ

ಡಬ್ಬಿ ಕೆಟ್ಟೈತಿ ಅಂದ ದಾವಲಸಾಬ, ಫೋನಿನ್ಯಾಗ.
ಬ್ಯಾಡಗಿಯೊಳಗ ಡಬ್ಬಿ ಅಂದ್ರ ಮೆಣಸಿನಕಾಯಿ,
ಗಿಡ್ಡಂದು, ದುಂಡಂದು, ಮೈತುಂಬ ಸುಕ್ಕು.
ಅದಲ್ಲವ್ವ, ನೀ ಗ್ವಾಡಿಗೆ ಹೊಡದು ಹೋದದ್ದು.
ರಾತ್ರಿ ಎರಡೂ ನಲವತ್ತಕ್ಕ ಸಾಯತೈತಿ,
ಮತ್ತ ತಾನ ಎದ್ದು ಕುಂದರತೈತಿ.

ಗೋಕುಲ ರೋಡಿನ ಅಟ್ಟದ ಮ್ಯಾಲ
ಹನ್ನೊಂದು ದಿನ ಓಡಿಸಿ ನೋಡೀನಿ ಅದನ್ನ.
ಒಮ್ಮೆನೂ ರೆಪ್ಪಿ ಬಡದಿಲ್ಲ.
ತವರಿನ್ಯಾಗ ಎಲ್ಲಾ ಕೂಸೂ ಶಾಣ್ಯಾನ.

ಪ್ಯಾಸೆಂಜರ್ ಹತ್ತಿದೆ. ಚೀಲದಾಗ
ಮಲ್ಟಿಮೀಟರು, ಸೋಲ್ಡರ್ ಕಡ್ಡಿ, ಎರಡು ಮೆಮರಿ ಕಾರ್ಡು,
ಖಡಕ್ ರೊಟ್ಟಿ, ಶೇಂಗಾ ಹಿಂಡಿ.

ಕೋಲ್ಡ್ ಸ್ಟೋರೇಜಿನೊಳಗ ಥಂಡಿಗೂ ಘಾಟೈತಿ.
ಸೂರಿನ ತನಕ ಚೀಲ. ಸೀನಿದ್ರ
ನಾಕು ಮೂಲಿಯಿಂದ ನನ್ನ ಸೀನೇ ವಾಪಸ್ ಬರತೈತಿ.
ಹೊರಗಿನ ಪಡಸಾಲಿಗೆ ಕೇಬಲ್ ಎಳಕೊಂಡು ಕುಂತೆ.
ಮೂರು ವೈರು:
ನನ್ನ ಬಾಯಿ ಅದರ ಕಿವಿಗೆ,
ಅದರ ಬಾಯಿ ನನ್ನ ಕಿವಿಗೆ,
ಮೂರನೇದು, ಇಬ್ಬರೂ ನಿಂತ ನೆಲ.

ಮೊದಲಿಗೆ ಬಂದದ್ದು ಬರೇ ಚೌಕ, ಪ್ರಶ್ನಿ,
ಜ್ವರದಾಗ ಬಡಬಡಿಸಿದಂಗ.
ಬಾಡ್ ರೇಟ್ ತಪ್ಪಿತ್ತು. ತಿದ್ದಿಕೋತ ಬಾಯಿಬಿಟ್ಟು ಅಂದೆ:
ಒಂದು ಲಕ್ಷ ಹದಿನೈದು ಸಾವಿರದ ಎರಡನೂರು.
ದಾವಲಸಾಬ ಬೀಡಿ ಇಳಿಸಿ ಕೇಳಿದ:
ಈ ರೇಟು ಕ್ವಿಂಟಲ್ಲಿಗೇನವ್ವ?

ಮೊದಲ ರಾತ್ರಿ ಕರೆಂಟಿನ ಮ್ಯಾಲ ಅನುಮಾನ.
ಕಂಪ್ರೆಸರ್ ಗುಡುಗಿದಾಗೆಲ್ಲ ಮೀಟರ್ ಹಿಡದೆ,
ಐದು ವೋಲ್ಟು ಐದಾಗೇ ಇತ್ತು.
ಎರಡನೇ ರಾತ್ರಿ ವಾಚ್‌ಡಾಗ್ ಮ್ಯಾಲ,
ಕಾಯೋ ನಾಯೇ ಕಚ್ಚೈತೇನಂತ ಅದನ್ನ ಬಿಚ್ಚಿ ಬಿಟ್ಟೆ.
ಕಾರ್ಡ್ ಬದಲಿಸಿದೆ. ಕರ್ನಲ್ ಹಳೇದು ಹಾಕಿದೆ.
ಎರಡೂ ನಲವತ್ತು. ಸತ್ತಿತು.

ಮೂರನೇ ರಾತ್ರಿ ಫಕೀರೇಶನ್ನ ಎಬ್ಬಿಸಿ ಬೈದೆ,
ನಿನ್ನ ಡ್ರೈವರಿನ್ಯಾಗ ಏನೋ ದಗಲ್ಬಾಜಿ ಐತಿ ಅಂತ.
ಅಂವ ಆಕಳಿಸಿದ. ಆಮ್ಯಾಲ ಮೆತ್ತಗ:
ಸಾಯೋ ಮುಂದ ಏನರ ಅಂತೈತೇನ್ರೀ?
ಏನೂ ಇಲ್ಲ. "ತಾಪಮಾನ ೪.೨, ತೇವಾಂ" ಅಂತೈತಿ,
ಅಲ್ಲಿಗೇ ತುಂಡು.
ನನ್ನ ಕೋಡ್ ಸತ್ರ ಹೊಯ್ಕೊಂಡು ಸಾಯತೈತ್ರಿ,
ಇದು ನನ್ನ ಸಾವಲ್ಲ, ಅಂದು ಮಲಗಿದ.

ಯಾರೋ ಮಾತಿನ ನಡುವ ಬಾಯಿ ಮುಚ್ಚಾಕತ್ತಾರ.

ಅಜ್ಜಾ, ಅಷ್ಟೊತ್ತಿಗೆ ಇಲ್ಲಿ ಏನಾಕ್ಕೈತಿ?
ಏನಿಲ್ಲವ್ವ, ಗೂಡ್ಸ್ ಗಾಡಿ ಹೋಕ್ಕೈತಿ,
ನಂಗ ಎಚ್ಚರಾಕ್ಕೈತಿ.
ಬಾಗಿಲ ತಗದು ಒಳಗ ಹೋಗಿ
ಕೈ ಚಾಚಿ ಥಂಡಿ ನೋಡಿ ಬರ್ತೀನಿ.
ಹದಿನೇಳು ವರ್ಷದ ರೂಢಿ.
ನಿಮ್ಮ ಡಬ್ಬಿ ಬಂದೈತಿ, ಖರೆ.
ಕಾಲು ಅದನ್ನ ಕೇಳಂಗಿಲ್ಲ.

ಡಬ್ಬಿ ಬಿಚ್ಚಿದೆ. ಬ್ಯಾಟರಿ ಬಿಟ್ಟೆ, ಭೂತಗನ್ನಡಿ ಹಿಡದೆ.
ಬಾಗಿಲಿನ ಬೆಚ್ಚನ ಗಾಳಿಗೆ ಬೋರ್ಡು ಬೆವತಿತ್ತು.
ರೀಸೆಟ್ ಪಿನ್ನಿಗೂ ನೆಲಕ್ಕೂ ನಡುವ
ಕೂದಲೆಳಿ ದಪ್ಪದ ಕೆಂಪು ಕೆಸರು.
ಬೆರಳು ಒತ್ತಿ ನಾಲಿಗಿಗೆ ಹಚ್ಚಿದೆ.

ಖಾರ.

ನಾಕು ವರ್ಷದ ಡಿಪ್ಲೊಮಾ, ಮೂರು ರಾತ್ರಿ,
ಕಡೀಕ ನಾಲಿಗಿ ಮೀಟರಾತು.
ಸ್ಪಿರಿಟ್ ಹಾಕಿ ಹಲ್ಲಿನ ಬ್ರಷ್‌ಲೇ ತಿಕ್ಕಿದೆ.
ಬಳಿಯಾಕ ವಾರ್ನಿಶ್ ಇರಲಿಲ್ಲ,
ಅವನ ಮೊಮ್ಮಗಳು ಮುಬೀನಾ ನೇಲ್ ಪಾಲಿಶ್ ಕೊಟ್ಟು ಕಳಿಸಿದ್ಲು,
ಅರ್ಧ ಶೀಶೆ, ಕಡುಗೆಂಪು.
ಇದಕ್ಕೂ ಇದ ಮೆಣಸಿನಕಾಯಿ ಬಣ್ಣ ಹಾಕ್ತಾರಂತ, ಅಂದ ಅಜ್ಜ.
ಪಿನ್ನಿಗೊಂದು, ಪಿನ್ನಿಗೊಂದು, ಉಗುರಿಗೆ ಹಚ್ಚಿದಂಗ ಹಚ್ಚಿದೆ.

ನಾಕನೇ ರಾತ್ರಿ. ಗೂಡ್ಸ್ ಗಾಡಿ ಹೋತು.
ಅಂವ ಎದ್ದ, ಮಫ್ಲರ್ ಸುತ್ತಿಕೊಂಡ.
ತಗೀಬ್ಯಾಡ ಅನ್ನಲಿಲ್ಲ ನಾನು.
ಹೊಸ್ತಿಲದಾಗ ಬಿಳೇ ಹೊಗಿ ಎದ್ದಿತು.
ಪರದೆ ಮ್ಯಾಲ ಸಾಲು ಸಾಲಾಗಿ ಇಳೀತಿತ್ತು:
ತಾಪಮಾನ ೪.೨, ತೇವಾಂಶ ೬೧.
ತಾಪಮಾನ ೪.೬.
ತಾಪಮಾನ ೫.೧, ತೇವಾಂಶ ೭೪.
ಎರಡೂ ನಲವತ್ತೊಂದು. ಎರಡೂ ನಲವತ್ತೆರಡು.
ಬಾಗಿಲ ಮುಚ್ಚಿದ ಸಪ್ಪಳ.
ಮತ್ತ ಹಗೂರಕ ೪.೨.

ಥಂಡಿ ಬರೊಬ್ಬರಿ ಐತವ್ವ, ಅಂದ,
ಕೈ ಉಜ್ಜಿಕೋತ.
ಹೂಂ ಅಜ್ಜಾ, ಅಂದೆ, ಬರೊಬ್ಬರಿ ಐತಿ.