ಕಪ್ಪು ಎರಡು

ಒಂದು ಸ್ವರ ನಿಲ್ಲುತ್ತಿಲ್ಲವೆಂದು
ಮೊದಲು ಗೊತ್ತಾದದ್ದು ನನಗೆ.

ಗುಡ್ಡದ ಇಗರ್ಜಿಯ ಮಾಳಿಗೆಯಲ್ಲಿ, ಕೊಳವೆಗಳ ಬೆನ್ನ ಹಿಂದೆ
ಟಾರ್ಚು, ಮೇಣ, ಮೂರು ಅಳತೆಯ ಉಳಿ
ಮಡಿಲಲ್ಲಿಟ್ಟು ಕೂತಿದ್ದೆ.
ಕುಂಬಳೆಯಲ್ಲಿ ಹಾರ್ಮೋನಿಯಂ ರಿಪೇರಿಯವನು ನಾನು,
ಮೇಳಗಳ ಶ್ರುತಿಪೆಟ್ಟಿಗೆಗೆ ರೀಡು ಕೂರಿಸುವವನು.
ಇಷ್ಟು ದೊಡ್ಡ ಪೆಟ್ಟಿಗೆ ಕಂಡದ್ದು ಇದೇ ಮೊದಲು:
ನಾನೂರ ಹದಿನಾರು ಕೊಳವೆ,
ಒಂದರಲ್ಲಿ ಕಣಜದ ಗೂಡು,
ಒಂದರಲ್ಲಿ ಅರುವತ್ತೊಂದನೇ ಇಸವಿಯ ಬಸ್ ಟಿಕೇಟು,
ಇಲಿ ತಂದು ಮಡಚಿಟ್ಟದ್ದು.

ತಿದಿಯ ತೊಗಲು ಪೂರ್ತಿ ಹೋಗಿತ್ತು.
ಫಾದರ್ ಗೋವೆಗೆ ಬರೆದರು, ಜರ್ಮನಿಗೆ ಬರೆದರು,
ಬಂದದ್ದು ದರಪಟ್ಟಿ.
ನಾನು ಉಪ್ಪಳದ ಬಸ್ಸು ಹತ್ತಿದೆ.
ಅಂತುಞ್ಞಿಯ ಅಂಗಡಿಯಿಂದ ಆರು ಆಡಿನ ತೊಗಲು;
ಮದ್ದಳೆಗೆ ಮುಚ್ಚಿಗೆ ಹಾಕುವ ಕೈ ಅದನ್ನು ಹೊಲಿಯಿತು.
ಮೊದಲ ಸಲ ಗಾಳಿ ತುಂಬಿದಾಗ
ಇಡೀ ಇಗರ್ಜಿ ಸಂತೆಯ ವಾಸನೆ ಹೊಡೆಯಿತು.

ಸಪ್ಟೆಂಬರಿನ ಒಂದು ಶನಿವಾರ, ಏಳು ಗಂಟೆಗೆ ಶುರು.
ಬೆಂಚುಗಳಲ್ಲಿ ಪೂಜೆಗೆ ಬರುವವರು ಅರ್ಧ,
ಆಟಕ್ಕೆ ಹೋಗುವವರು ಅರ್ಧ,
ಎರಡಕ್ಕೂ ಸಲ್ಲದ ನಾಲ್ಕು ಕಾಲೇಜು ಹುಡುಗರು.
ಸಿಸ್ಟರ್ ಯುಲಾಲಿಯಾ ಚಪ್ಪಲಿ ಬಿಚ್ಚಿ ಪೆಡಲಿಗೆ ಕಾಲಿಟ್ಟರು.
ಮೊಗ್ರಾಲಿನ ರಿಸ್ವಾನಾ ಲ್ಯಾಪ್‌ಟಾಪಿನ ಬೆಳಕಲ್ಲಿ
ನೀಲಿಯಾಗಿ ಕೂತಿದ್ದಳು.
ಅವಳಲ್ಲಿತ್ತು ಕೊಯಿಪಾಡಿಯ ಕಡಲು,
ಹೆದ್ದಾರಿ ಅಗೆಯುವ ಜೇಸಿಬಿ,
ಅಜ್ಜಿ ಬಂಗುಡೆ ಕೊಯ್ಯುವ ಕತ್ತಿಯ ಕಿರ್ರ್.
ಗುಂಡಿ ತಿರುಗಿಸಿದರೆ ಅಜ್ಜಿಯ ಕತ್ತಿ ಗುಡುಗುತ್ತದೆ.
‘ಇದೂ ಸಂಗೀತವಾ ಆಚಾರ್ರೇ?’
ತಾಲೀಮಿನ ದಿನ ಮದ್ದಳೆಯ ಐತ್ತಪ್ಪ ಮಣಿಯಾಣಿ ಕೇಳಿದ್ದರು.
‘ಗಾಳಿ ಸೋರುವುದಿಲ್ಲ’ ಎಂದಿದ್ದೆ,
ನನಗೆ ಗೊತ್ತಿದ್ದದ್ದು ಅಷ್ಟೇ.

ಹನ್ನೊಂದನೇ ನಿಮಿಷಕ್ಕೆ ಸಿಸ್ಟರ್ ಎರಡೂ ಕೈ ಎತ್ತಿದರು.
ಕಾಗದದಲ್ಲಿ ಅಲ್ಲಿ ಮೌನ. ಕೆಂಪು ಪೆನ್ನಿನಲ್ಲಿ
ಇಪ್ಪತ್ತು ಎಣಿಸಬೇಕು ಅಂತ ಬರೆದದ್ದು ನೋಡಿದ್ದೇನೆ.
ಕಡಲು ನಿಂತಿತು, ಕತ್ತಿ ನಿಂತಿತು,
ಅದೊಂದು ನಿಲ್ಲಲಿಲ್ಲ.

ಗಾಳಿಪೆಟ್ಟಿಗೆಯ ಒಳಗೊಂದು ಮುಚ್ಚಳ, ಬೆರಳಗಲದ್ದು,
ಮಳೆಗಾಲದ ಪಸೆ ಕುಡಿದು, ಉಬ್ಬಿ,
ತೆರೆದಲ್ಲೇ ಸಿಕ್ಕಿಕೊಂಡಿತ್ತು.
ಹಲಸಿನ ಮರದ್ದು. ನಾನೇ ಕೆತ್ತಿದ್ದು.
ಕೂದಲೆಳೆಯಷ್ಟು ಅಗಲ ಹೆಚ್ಚು ಉಳಿಸಿದ್ದೆ,
ಹೇಗೂ ಸವೆಯುತ್ತದಲ್ಲ ಎಂದು.

ಆ ಕೊಳವೆಯನ್ನು ಕಿತ್ತು ಎತ್ತಿದರೆ ಸಾಕು.
ಹಿಡಿದೆ. ಬಸ್ಸಿನ ಕಿಟಕಿಯ ಸರಳಿನ ಹಾಗೆ
ಮೊಣಕೈವರೆಗೆ ನಡುಗಿಸಿತು.
ಕೆಳಗೆ ಸಿಸ್ಟರ್ ಎಣಿಸುತ್ತಲೇ ಇದ್ದರು,
ಏಳು, ಎಂಟು, ತುಟಿ ಬಿಳುಪು.

ಆಗ ಮಣಿಯಾಣಿಯವರು ತಲೆ ವಾರೆ ಮಾಡಿದರು,
ನಡುರಾತ್ರಿ ಭಾಗವತರ ಶ್ರುತಿ ಏರಿದಾಗ ಮಾಡುವ ಹಾಗೆ.
ಮದ್ದಳೆಯ ಅಂಚಿಗೆ ಸುತ್ತಿಗೆಯ ಎರಡು ಸಣ್ಣ ಪೆಟ್ಟು.
ಇನ್ನೊಂದು.
‘ಕಪ್ಪು ಎರಡು’ ಎಂದರು, ಯಾರಿಗೂ ಅಲ್ಲ,
ಎಡಗೈ ಬಿಟ್ಟರು.

ರಿಸ್ವಾನಾ ಕತ್ತೆತ್ತಿ ನೋಡಿದಳು.
ಸಿಸ್ಟರ್ ಎಣಿಕೆ ಬಿಟ್ಟರು.
ಆಮೇಲಿನದ್ದು ಯಾವ ಕಾಗದದಲ್ಲೂ ಇಲ್ಲ:
ಆ ಒಂದೇ ಸ್ವರದ ಕೆಳಗೆ ಕಡಲು ಮೆಲ್ಲಗೆ ಬಂತು,
ಮೇಲೆ ಸಿಸ್ಟರರ ಬಲಗೈ, ಕಳ್ಳ ಹೆಜ್ಜೆ,
ನಡುವೆ ಮದ್ದಳೆ ದಾರಿ ಕೇಳುತ್ತ ಹೋಯಿತು.
ಮಂಗಳೂರಿನ ಗಾಡಿ ಕೂಗುತ್ತ ದಾಟಿತು,
ಅರ್ಧ ಸ್ವರ ಕೆಳಗೆ.
ಅದಕ್ಕೂ ಜಾಗ ಇತ್ತು.

ಕೈ ಯಾವಾಗ ತೆಗೆದೆನೋ ನೆನಪಿಲ್ಲ.

ಮುಗಿದ ಮೇಲೆ ಫಾದರ್ ಬೆನ್ನು ತಟ್ಟಿ
‘ಆ ಉದ್ದದ ಸ್ವರ! ಯಾರ ಯೋಚನೆ ಅದು?’ ಎಂದರು.
ಸಿಸ್ಟರ್ ಮಾಳಿಗೆಯ ಕಡೆ ನೋಡಿದರು.
ನಾನು ಮೇಣದ ಡಬ್ಬಿ ಹುಡುಕುತ್ತಿದ್ದೆ.

ಕ್ರಿಸ್ಮಸಿಗೆ ಇನ್ನೊಮ್ಮೆ ಬೇಕಂತೆ,
ಅದೇ ಹಾಗೆ, ಹನ್ನೊಂದನೇ ನಿಮಿಷಕ್ಕೆ.
ಪಸೆಯನ್ನು ಉಳಿಯಿಂದ ಕೆತ್ತುವುದು ಹೇಗೆ ಮಾರಾಯ್ರೇ?
ಬಿಸಿಲು ಶುರುವಾಗಿದೆ, ಹಲಸು ಒಣಗಿದೆ.
ಒತ್ತಿದರೆ ನುಡಿಯುತ್ತದೆ, ಬಿಟ್ಟರೆ ನಿಲ್ಲುತ್ತದೆ.
ದಿನಾ ಸಂಜೆ ಮಾಳಿಗೆ ಹತ್ತಿ ಒತ್ತಿ ನೋಡುತ್ತೇನೆ.
ನಿಲ್ಲುತ್ತದೆ.